ಸಲಹಾ ಮಂಡಳಿಯ ಧರ್ಮಪಿತ

ನಾಲ್ವರು ಸಲಹೆಗಾರರಲ್ಲಿ ಒಬ್ಬರಿಗಾದರೂ ಚಿಪ್ಪುಮೀನಿನ ಗಂಧಗಾಳಿ ಇದ್ದಿದ್ದರೆ ದೆಲಿಸ್ ಅಂದು ಅಷ್ಟು ತಿಣುಕಾಡಬೇಕಾಗಿರಲಿಲ್ಲ. ಪಾನಾಯ್ ದ್ವೀಪದ ಉತ್ತರ ತೀರದಲ್ಲಿರುವ ವಿಶ್ವವಿದ್ಯಾಲಯದ ಚಿಪ್ಪುಮೀನು ಸಂಶೋಧನಾ ಕೇಂದ್ರದಲ್ಲಿ ಅವಳು ವಿಜ್ಞಾನಿ, ಆ ಕೇಂದ್ರಕ್ಕೆ ಹೊಸ ಸಲಹಾ ಮಂಡಳಿ ನೇಮಕವಾಗಿತ್ತು. ನಿರ್ದೇಶಕ ಡಾ. ಪನೇಸಾ ನಾಲ್ಕು ಫೋಟೋಗಳನ್ನು ತಂದು ಅವಳ ಮೇಜಿನ ಮೇಲಿಟ್ಟು, "ಒಬ್ಬೊಬ್ರದ್ದೂ ವೃತ್ತಿ ಹಿನ್ನೆಲೆ ಒಂದೊಂದು ಪ್ಯಾರಾ ಬರ್ಕೊಡು, ಇಂದೈ. ಓದ್ದೋರಿಗೆ, ಇವ್ರಿಲ್ದೆ ಈ ಕೇಂದ್ರ ಒಂದು ದಿನಾನೂ ನಡೆಯಲ್ಲ ಅನ್ನಿಸ್ಬೇಕು," ಎಂದರು. ಅವರು 'ಇಂದೈ' ಎಂದು ಮಗಳನ್ನು ಕರೆದಂತೆ ಕರೆದರೆಂದರೆ ಯಾವುದೋ ಕೆಲಸ ಅಂಟಿಸುತ್ತಿದ್ದಾರೆ ಎಂದೇ ತಿಳಿಯಬೇಕು. ಉಳಿದ ಹೊತ್ತಿನಲ್ಲಿ ಅವಳು ಬರೀ ಡಾಕ್ಟೋರಾ.

ಮೊದಲನೆಯ ಫೋಟೋ ಒಬ್ಬ ನಿವೃತ್ತ ಪೊಲೀಸ್ ಕರ್ನಲ್‌ರದು. ಅವರಿಗೂ ಕಡಲಿಗೂ ಇದ್ದ ನಂಟೆಂದರೆ ಕಳ್ಳಸಾಗಣೆಯವರಿಂದ ಜಪ್ತಿಯಾದ ಒಂದು ಮೋಟಾರು ದೋಣಿ. ಜಪ್ತಿಯಾದಂದಿನಿಂದ ಅದು ಅವರ ಮನೆಯ ಹಿತ್ತಲಲ್ಲೇ ಇತ್ತು. ದೆಲಿಸ್ 'ಕಡಲ ಸಂಪತ್ತಿನ ರಕ್ಷಣೆಯಲ್ಲಿ ದೀರ್ಘ ಅನುಭವ' ಎಂದು ಬರೆದಳು. ಎರಡನೆಯವರು ರೇಡಿಯೋದವರು. ಬೆಳಗಿನ ಕಾರ್ಯಕ್ರಮದಲ್ಲಿ ಅರ್ಧ ಗಂಟೆ ರಾಜಕಾರಣಿಗಳನ್ನು ಬೈದು, ಇನ್ನರ್ಧ ಗಂಟೆ ಸಕ್ಕರೆ ಕಾಯಿಲೆಯಿಂದ ಹಿಡಿದು ಗಂಡಹೆಂಡಿರ ಜಗಳದವರೆಗೆ ಎಲ್ಲಕ್ಕೂ ಆಗುವ ಕಷಾಯವೊಂದನ್ನು ಮಾರುತ್ತಿದ್ದರು. ಅವರಿಗೆ 'ವಿಜ್ಞಾನವನ್ನು ಜನಸಾಮಾನ್ಯರಿಗೆ ತಲುಪಿಸಿದವರು' ಎಂಬ ಸಾಲು. ಮೂರನೆಯವರು ಡಾಕ್ಟರು, ನಿಜವಾದ ಡಾಕ್ಟರೇ. ಆದರೆ ಊರಿನ ಹೆಂಗಸರ ಮುಖ ಬಿಳಿ ಮಾಡುವ ಡಾಕ್ಟರು. ಬಿಳಿ ಕೋಟು ಹಾಕಿದವರು ಒಬ್ಬರಾದರೂ ಇದ್ದಾರಲ್ಲ ಎಂದುಕೊಂಡು ದೆಲಿಸ್ ಅವರಿಗೆ ಒಂದು ಸಾಲು ಹೆಚ್ಚೇ ಬರೆದಳು.

ನಾಲ್ಕನೆಯದು ಮಂಡಳಿಯ ಅಧ್ಯಕ್ಷರ ಫೋಟೋ. ದೊನ್ ಇಲಾರಿಯೊನ್ ಅಲ್ಬಾರ್, ಊರವರಿಗೆ ಬರೀ ದೊನ್, ಅಂದರೆ ದೊಡ್ಡ ಯಜಮಾನರು. ಊರಿನ ಎರಡು ಮಾಲ್‌ಗಳು, ಬಸ್ ನಿಲ್ದಾಣ, ಕೋಳಿ ಅಂಕದ ದೊಡ್ಡ ಕಣ, ಶವಸಂಸ್ಕಾರದ ಮನೆ, ಎಲ್ಲವೂ ಅವರದೇ. ಹುಟ್ಟಿದವರು ಅವರ ಅಂಗಡಿಯಲ್ಲಿ ಬಟ್ಟೆ ಕೊಂಡು, ಸತ್ತವರು ಅವರ ಪೆಟ್ಟಿಗೆಯಲ್ಲೇ ಮಲಗಬೇಕು. ಈಗ ಕೊಲ್ಲಿಯ ದಂಡೆಯ ಮೇಲೆ ಒಂದು ರೆಸಾರ್ಟ್ ಎಬ್ಬಿಸುತ್ತಿದ್ದರು. 'ಪ್ರದೇಶದ ಸರ್ವತೋಮುಖ ಅಭಿವೃದ್ಧಿಯ ರೂವಾರಿ' ಎಂದು ಬರೆದು ದೆಲಿಸ್ ಪೆನ್ನು ಮುಚ್ಚಿದಳು. ಬರೆದದ್ದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ, ಅದೇ ಅವಳಿಗೆ ಅಸಹ್ಯವೆನಿಸಿತು.

ಹಿಂದಿನ ಮಂಡಳಿ ಹೀಗಿರಲಿಲ್ಲ. ಮೀನಿನ ರೋಗ ಓದಿಕೊಂಡ ಮುದಿ ಪ್ರೊಫೆಸರೊಬ್ಬರಿದ್ದರು, ಸರ್ಕಾರಿ ಆಸ್ಪತ್ರೆಯ ವೈದ್ಯೆಯೊಬ್ಬರಿದ್ದರು, ಚಿಪ್ಪು ಸಾಕುವವರ ಸಂಘದ ಮುಖಂಡನಿದ್ದ. ಮೂವರೂ ಸಭೆಗೆ ಬಂದರೆ ಅನ್ನ ಆರಿಹೋದರೂ ಏಳುತ್ತಿರಲಿಲ್ಲ, ಇಲಿಗಳಿಗೆ ಏನು ತಿನ್ನಿಸುತ್ತೀರಿ ಎಂಬುದರ ಮೇಲೂ ಜಗಳ ಆಡುತ್ತಿದ್ದರು. ಒಬ್ಬರು ತೀರಿಕೊಂಡರು, ಉಳಿದವರಿಗೆ ಹಾರ ಹಾಕಿ ಕಳಿಸಿದರು. ಈ ಹೊಸಬರಿಗೆ ಇಲಿಗಳಿವೆ ಎಂಬುದೇ ಗೊತ್ತಿರಲಿಲ್ಲ.

ಇಲಿಗಳ ವಿಚಾರ ಹೇಳದಿದ್ದರೆ ಈ ಕತೆಯೇ ಅರ್ಥವಾಗದು. ಆ ಕೊಲ್ಲಿಯ ನೀರಿನಲ್ಲಿ ಕೆಲವೊಮ್ಮೆ ಕಣ್ಣಿಗೆ ಕಾಣದ ಜೀವಿಗಳು ವಿಪರೀತ ಬೆಳೆದು ನೀರು ಕೆಂಪಗಾಗುತ್ತದೆ. ಅವುಗಳ ವಿಷ ಪಚ್ಚಿಲೆ, ಮರುವಾಯಿಯಂಥ ಚಿಪ್ಪುಮೀನುಗಳ ಹೊಟ್ಟೆ ಸೇರುತ್ತದೆ. ಚಿಪ್ಪಿನೊಳಗಿನ ಜೀವಕ್ಕೆ ಏನೂ ಆಗುವುದಿಲ್ಲ. ತಿಂದವರಿಗೆ ಮೊದಲು ತುಟಿ ಜುಮ್ಮೆನ್ನುತ್ತದೆ, ಆಮೇಲೆ ಕೈಕಾಲು ಸೋಲುತ್ತದೆ, ಆಮೇಲೆ ಉಸಿರು ನಿಲ್ಲುತ್ತದೆ. ಎಷ್ಟು ಕುದಿಸಿದರೂ ಹೋಗುವ ವಿಷವಲ್ಲ. ನೀರು ಕೆಂಪಾಗದೆಯೂ ವಿಷವಿರಬಹುದು, ಕೆಂಪು ಇಳಿದು ಎಷ್ಟೋ ವಾರ ಕಳೆದರೂ ಇರಬಹುದು. ನೋಡಿ, ಮೂಸಿ, ಬೆಳ್ಳಿ ಚಮಚ ಅದ್ದಿ ಹೇಳುವಂಥದ್ದಲ್ಲ ಅದು. ಕೇಂದ್ರದ ಕೆಳಮಹಡಿಯ ಪ್ರಯೋಗಾಲಯದಲ್ಲಿ ಪಚ್ಚಿಲೆಯ ರಸ ತೆಗೆದು ಇಲಿಗೆ ಚುಚ್ಚಿ, ಅದು ಬದುಕುತ್ತದೋ ಸಾಯುತ್ತದೋ ಎಂದು ಕಾದು ನೋಡುವುದು ದೆಲಿಸ್‌ಳ ಕೆಲಸ.

ಜನ ಏನೋ ತಿಳಿದಿದ್ದರು, ಪ್ರಯೋಗಾಲಯವೆಂದರೆ 'ತಿನ್ನಬೇಡಿ' ಎನ್ನುವ ಜಾಗವೆಂದು. 'ತಿನ್ನಬೇಡಿ' ಎನ್ನಲು ಯಾರಾದರೇನು, ಊರಿನ ಪೊಲೀಸನೂ ಬೋರ್ಡು ನೆಡಬಲ್ಲ. ಇನ್ನು ತಿನ್ನಬಹುದು, ಇವತ್ತಿನಿಂದ ಕೊಯ್ಯಬಹುದು, ಮಾರಬಹುದು ಎಂದು ಧೈರ್ಯವಾಗಿ ಹೇಳಲು ಮಾತ್ರ ಆ ಇಲಿಗಳು ಬೇಕಾಗಿದ್ದವು. ಪ್ರತಿ ಮಂಗಳವಾರ ಪಚ್ಚಿಲೆ ಆಯುವ ಹೆಂಗಸರ ಮುಖ್ಯಸ್ಥೆ ಪಾಸಿಂಗ್, ಎಲ್ಲರ ಬಾಯಲ್ಲೂ ಮಾನಾಂಗ್, ಅಂದರೆ ಅಕ್ಕ, ಪರೀಕ್ಷೆಗೆಂದು ಒಂದು ಬಕೆಟ್ ಪಚ್ಚಿಲೆ ತಂದುಕೊಡುತ್ತಿದ್ದಳು. ಮರುದಿನ ದೆಲಿಸ್ ಹೇಳಿದ ಒಂದು ಮಾತಿನ ಮೇಲೆ ದಂಡೆಯ ಅಷ್ಟೂ ಮನೆಗಳ ಒಲೆ ಉರಿಯುವುದೋ ಬಿಡುವುದೋ ತೀರ್ಮಾನವಾಗುತ್ತಿತ್ತು.

ಆ ಪ್ರಯೋಗಾಲಯವನ್ನು ಮುಚ್ಚುವ ವಿಷಯವೇ ಹೊಸ ಮಂಡಳಿಯ ಮೊದಲ ಸಭೆಗೆ ಬರಲಿತ್ತು. ಜಾಗ ಕಡಲಿಗೆ ಮುಖ ಮಾಡಿದೆ, ಗಾಳಿ ಚೆನ್ನಾಗಿದೆ, ಅಲ್ಲೊಂದು ಪ್ರದರ್ಶನ ಸಭಾಂಗಣವಾದರೆ ಬಂದುಹೋಗುವವರಿಗೂ ನೋಡಲು ಚೆಂದ. ಪಚ್ಚಿಲೆಯ ಮಾದರಿಗಳನ್ನು ವಿಮಾನದಲ್ಲಿ ರಾಜಧಾನಿಗೆ ಕಳಿಸಿದರಾಯಿತು ಎಂಬುದು ಮೇಲಿನವರ ವಾದ. ವಿಮಾನ ಏರಿ, ಅಲ್ಲಿನ ಸಾಲಿನಲ್ಲಿ ಕಾದು, ಉತ್ತರ ಬರುವಷ್ಟರಲ್ಲಿ ಇಲ್ಲಿ ತಿಂದವರು ತಿಂದಿರುತ್ತಾರೆ, ಉಪವಾಸವಿದ್ದವರು ಉಪವಾಸವೇ ಇರುತ್ತಾರೆ ಎಂದು ದೆಲಿಸ್ ಪನೇಸಾ ಮುಂದೆ ಬಡಕೊಂಡಳು.

"ನಂಗೊತ್ತಿಲ್ವಾ?" ಎಂದರು ಪನೇಸಾ. "ಆದ್ರೆ ನಾನು ಬಾಯಿ ಬಿಟ್ರೆ ನಾಳೆಯಿಂದ ನಾನೂ ಮನೇಲಿ, ನೀನೂ ಮನೇಲಿ. ದೊನ್ ಮನಸ್ಸು ಮಾಡ್ಬೇಕು ಅಷ್ಟೇ. ಉಳಿದ ಮೂರು ಜನ ಅವರು ಸೀನಿದ್ರೆ ಕರವಸ್ತ್ರ ತೆಗೆಯೋರು."

ಈ ಸುದ್ದಿ ದಂಡೆಗೆ ಮುಟ್ಟಲು ಹೊತ್ತೇನೂ ಹಿಡಿಯಲಿಲ್ಲ. ಮಾನಾಂಗ್ ಪಾಸಿಂಗ್ ಬಕೆಟ್ ಹಿಡಿದು ಬಂದವಳು ಅದನ್ನು ಕೆಳಗಿಡದೆಯೇ ಮಾತಿಗೆ ನಿಂತಳು.

"ಮುಚ್ತಾರಂತೆ ಹೌದಾ? ಮುಚ್ಲಿ ನೋಡೋಣ. ಸಭೆ ದಿನ ನಾವೆಲ್ಲ ಬಾಗ್ಲಲ್ಲಿ ಬಂದು ಕೂರ್ತೀವಿ. ಮಕ್ಳು ಮರಿ ಕಟ್ಕೊಂಡು, ಪಾತ್ರೆ ಸಮೇತ. ಆ ದೊನ್‌ಗೆ ರೆಸಾರ್ಟಿಗೆ ನಮ್ಮೂರವರ ಒಪ್ಪಿಗೆ ಸಹಿ ಬೇಕು, ತಿಳ್ಕೋ. ಇನ್ನೂ ನಮ್ಮಲ್ಲಿ ಯಾರೂ ಹಾಕಿಲ್ಲ."

"ಎಷ್ಟು ಜನ ಬರ್ತೀರಿ ಮಾನಾಂಗ್?"

"ಎಷ್ಟು ಜನ ಅಂತ ಕೇಳ್ತೀಯಲ್ಲ. ನಿಮ್ಮ ಗೇಟು ತಡೆಯುತ್ತಾ ಅಂತ ಕೇಳು."

ದೆಲಿಸ್‌ಗೆ ಎಷ್ಟೋ ದಿನದ ಮೇಲೆ ನಗು ಬಂತು. ದೊನ್ ಇಲಾರಿಯೊನ್‌ರಿಗೆ ಗಲಾಟೆ ಕಂಡರೆ ಆಗದು, ಅದರಲ್ಲೂ ಹೆಂಗಸರ ಗಲಾಟೆ. ಸಹಿಯ ವಿಷಯವೂ ನಿಜ. ಇದು ನಡೆದೀತು ಎಂದು ಅವಳಿಗೆ ಅನ್ನಿಸಿತು. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ಮನೆಗೆ ಹೋಗಿ ತಾಯಿಗೆ ಹೇಳಿದಳು, ಅಲ್ಲಿಂದ ಕತೆ ಬೇರೆ ದಾರಿ ಹಿಡಿಯಿತು.

ದೆಲಿಸ್‌ಳ ಗಂಡ ಹಡಗಿನಲ್ಲಿ ಎಂಜಿನ್ ನೋಡಿಕೊಳ್ಳುವವನು. ವರ್ಷದ ಬಹುಪಾಲು ಯಾವುದೋ ಸಮುದ್ರದಲ್ಲಿ. ಮನೆಯಲ್ಲಿ ಅವಳು, ತಾಯಿ ಚೊಲಿಂಗ್, ಮತ್ತು ತಡವಾಗಿ ಹುಟ್ಟಿದ ಹೆಣ್ಣುಕೂಸು ಹಿರಾಯಾ. ಗಂಡ ಬರಲಿ ಎಂದು ಕಾಯುತ್ತಾ, ಚರ್ಚಿನಲ್ಲಿ ಧರ್ಮಪಿತನೊಬ್ಬನ ಎದುರು ಮಗುವಿನ ತಲೆಗೆ ನೀರು ಹೊಯ್ಯುವ ಜ್ಞಾನಸ್ನಾನ ಮುಂದಕ್ಕೆ ಹೋಗುತ್ತಲೇ ಇತ್ತು. ಚೊಲಿಂಗ್‌ಗೆ ಅದೊಂದು ಕೊರಗು. ಆ ಸಂಜೆ ಮಗಳ ಮಾತನ್ನೆಲ್ಲ ಕೇಳಿ, ಅಕ್ಕಿ ಕೇರುತ್ತಿದ್ದ ಮೊರವನ್ನು ಪಕ್ಕಕ್ಕಿಟ್ಟಳು.

"ಅಲ್ಲ ಕಣೇ, ಇಷ್ಟು ಓದಿ ಇಷ್ಟು ಗೊತ್ತಾಗ್ಲಿಲ್ವಾ ನಿಂಗೆ? ಮಗೂಗೆ ಧರ್ಮಪಿತ ಆಗಿ ಅಂತ ಆ ದೊನ್‌ನ ಕೇಳು."

"ನಾನಾಯ್," ಎಂದು ತಾಯಿಯನ್ನು ತಡೆದಳು ದೆಲಿಸ್, "ನಾನೊಬ್ಬಳು ವಿಜ್ಞಾನಿ."

"ಇರು, ಯಾರು ಬೇಡ ಅಂದ್ರು? ವಿಜ್ಞಾನಿ ಮಗೂಗೆ ಧರ್ಮಪಿತ ಬೇಡ್ವಾ? ಕೇಳಿದ್ರೆ ಅವರು ಒಲ್ಲೆ ಅನ್ನೋ ಹಾಗಿಲ್ಲ. ಒಲ್ಲೆ ಅಂದ್ರೆ ಮಗೂಗೂ ಕೆಡುಕು, ಅಂದೋರಿಗೂ ಕೆಡುಕು. ಒಂದ್ಸಲ ಅವರು ಮೇಣದ ಬತ್ತಿ ಹಿಡಿದು ನಿಂತ್ರೆ ನೀನು ಅವರಿಗೆ ಮಾರೆ, ಅವರು ನಿಂಗೆ ಪಾರೆ, ಒಡಹುಟ್ಟಿದೋರಿಗಿಂತ ಹೆಚ್ಚು. ಮಾರೆ ಕೇಳಿದ್ದನ್ನ ಪಾರೆ ಇಲ್ಲ ಅನ್ನೋದುಂಟಾ?"

"ಇದು ಲಂಚ ಆಗಲ್ವಾ?"

"ದೇವರ ಎದುರಲ್ಲಿ ಕೊಡೋದು ಲಂಚ ಹೇಗೆ ಆಗುತ್ತೆ?" ಎಂದು ಚೊಲಿಂಗ್ ಮೊರ ಮತ್ತೆ ಎತ್ತಿಕೊಂಡಳು.

ದೆಲಿಸ್ ಎರಡು ರಾತ್ರಿ ಹೊರಳಾಡಿದಳು. ಆದರೆ ಒಂದು ಮಾತು ಹೇಳಲೇಬೇಕು, ಅವಳಿಗೆ ಇದರಲ್ಲಿ ನಂಬಿಕೆ ಇರಲಿಲ್ಲ ಅಂತಲ್ಲ. ಅವಳ ಓದಿನ ಖರ್ಚು ಹೊತ್ತದ್ದೂ ಅವಳ ಧರ್ಮಮಾತೆಯೇ, ಗಂಡನಿಗೆ ಮೊದಲ ಹಡಗು ಸಿಕ್ಕಿದ್ದೂ ಅವನ ಧರ್ಮಪಿತನಿಂದಲೇ. ಅಲ್ಲಿ ಹುಟ್ಟಿದವರಿಗೆ ನೆಲ ಎಷ್ಟು ನಿಜವೋ ಈ ನಂಟೂ ಅಷ್ಟೇ ನಿಜ. ಪ್ರಯೋಗಾಲಯದಲ್ಲಿ ಎಲ್ಲವನ್ನೂ ಎರಡೆರಡು ಸಲ ಪರೀಕ್ಷಿಸುವವಳು ಇದೊಂದನ್ನು ಪರೀಕ್ಷೆಯಿಲ್ಲದೆ ಒಪ್ಪಿಕೊಂಡಳು.

ದೊನ್ ಇಲಾರಿಯೊನ್ ಅವಳನ್ನು ಅಂಗಳದಲ್ಲೇ ಎದುರುಗೊಂಡರು. ಅಂಕದ ಹುಂಜವೊಂದು ಅವರ ತೋಳಿನಲ್ಲಿತ್ತು. ವಿಷಯ ಕೇಳಿ ಅವರ ಮುಖ ಅರಳಿಬಿಟ್ಟಿತು. ಸುಮ್ಮನೆ ಹೇಳಬಾರದು, ಆ ಮನುಷ್ಯ ಕೆಟ್ಟವನಲ್ಲ. ಹುಂಜವನ್ನು ಆಳಿನ ಕೈಗೆ ಕೊಟ್ಟು, ಅಂಗಿಗೆ ಕೈ ಒರೆಸಿಕೊಂಡು ಅವಳ ಎರಡೂ ಕೈ ಹಿಡಿದರು.

"ನಿಮ್ಮಂಥ ಓದಿದೋರು ನಮ್ಮಂಥ ವ್ಯಾಪಾರಸ್ಥನ ಮನೆ ಬಾಗಿಲಿಗೆ ಬಂದು ಕೇಳೋದು ಅಂದ್ರೆ ದೊಡ್ಡ ಮಾತು ಡಾಕ್ಟೋರಾ. ನಂಗೆ ಎಷ್ಟು ಧರ್ಮಮಕ್ಕಳು ಅಂತ ನಂಗೇ ಲೆಕ್ಕ ತಪ್ಪಿದೆ. ಆದ್ರೆ ಒಬ್ಬರ ಕೈಯೂ ನಾನು ಬಿಟ್ಟಿಲ್ಲ. ಊರಲ್ಲಿ ಯಾರನ್ನಾದ್ರೂ ಕೇಳಿ."

ಕೇಳುವ ಅಗತ್ಯವಿರಲಿಲ್ಲ, ಎಲ್ಲರಿಗೂ ಗೊತ್ತಿದ್ದದ್ದೇ. ಅವರ ಮಾಲ್‌ಗಳ ಕೌಂಟರುಗಳಲ್ಲಿ ನಿಂತಿರುವವರಲ್ಲಿ ಅರ್ಧಕ್ಕರ್ಧ ಅವರ ಧರ್ಮಮಕ್ಕಳೇ. ದೆಲಿಸ್ ಆಗಲಾದರೂ ಆ ಕೌಂಟರುಗಳನ್ನು ನೆನೆಸಿಕೊಂಡು ಒಂದು ಗಳಿಗೆ ಯೋಚಿಸಬೇಕಿತ್ತು. ಯೋಚಿಸಲಿಲ್ಲ, ಖುಷಿಯಲ್ಲೇ ಮನೆಗೆ ಬಂದಳು.

ಜ್ಞಾನಸ್ನಾನ ಸಭೆಗೆ ಒಂದು ವಾರ ಮೊದಲು ನಡೆಯಿತು. ಹಡಗಿನಲ್ಲಿದ್ದ ಗಂಡ ಫೋನಿನ ಪರದೆಯ ಮೇಲೆ ಕಾಣಿಸಿಕೊಂಡು, ಸಿಗ್ನಲ್ ಹೋಗಿ, ಬಾಯಿ ತೆರೆದಂತೆಯೇ ನಿಂತುಬಿಟ್ಟ. ದೊನ್ ಬಿಳಿ ಬಾರೊಂಗ್ ಅಂಗಿ ತೊಟ್ಟು, ಮೇಣದ ಬತ್ತಿ ಹಿಡಿದು, ಪಾದ್ರಿ ಕೇಳಿದ್ದಕ್ಕೆಲ್ಲ ಗಟ್ಟಿ ದನಿಯಲ್ಲಿ ಉತ್ತರಿಸಿದರು. ನೀರು ಬಿದ್ದಾಗ ಹಿರಾಯಾ ಕಿರುಚಿದ್ದಕ್ಕೆ ಅವರೇ ಕೈ ಚಾಚಿ ಎತ್ತಿಕೊಂಡರು. ಎತ್ತಿಕೊಂಡ ಕೂಡಲೇ ಕೂಸು ಸುಮ್ಮನಾಯಿತು. ಚೊಲಿಂಗ್ ಮಗಳನ್ನು ಮೊಣಕೈಯಲ್ಲಿ ತಿವಿದು, ನೋಡಿದೆಯಾ ಎಂಬಂತೆ ಹುಬ್ಬು ಹಾರಿಸಿದಳು.

ಊಟದ ಹೊತ್ತಿಗೆ ದೊನ್ ತಟ್ಟೆ ಹಿಡಿದು ದೆಲಿಸ್ ಪಕ್ಕ ಬಂದು ಕುಳಿತರು.

"ಈಗ ಹೇಳು ಮಾರೆ. ಮುಖ ನೋಡಿದ್ರೆ ಗೊತ್ತಾಗುತ್ತೆ, ಏನೋ ಕೊರೀತಿದೆ."

"ಪ್ರಯೋಗಾಲಯದ ವಿಷಯ... ಪಾರೆ." ಆ ಕೊನೆಯ ಪದ ಅವಳ ನಾಲಿಗೆಯಲ್ಲಿ ಹೊಸ ಚಪ್ಪಲಿಯಂತೆ ಕಚ್ಚಿತು. "ಅದನ್ನ ಮುಚ್ಚಿದ್ರೆ ದಂಡೆ ಜನ ಸಾಯ್ತಾರೆ. ನನ್ನ ಇಷ್ಟು ವರ್ಷದ ಕೆಲಸ ಮಣ್ಣಾಗುತ್ತೆ." ಹೇಳುತ್ತ ಹೇಳುತ್ತ ಅವಳ ಕಣ್ಣಲ್ಲಿ ನೀರು ತುಂಬಿತು. ಹೇಳಬೇಕೆಂದುಕೊಂಡಿದ್ದ ವಿಷದ ವಿವರ, ಇಲಿಗಳ ವಿವರ ಎಲ್ಲ ಹೇಳದೆಯೇ ಉಳಿಯಿತು.

"ಅಳಬೇಡ. ಇವತ್ತಿನ ದಿನ ಅಳ್ತಾರಾ?" ಎಂದು ದೊನ್ ತಮ್ಮ ಕರವಸ್ತ್ರ ಕೊಟ್ಟರು. "ನಿನ್ನ ಚಿಂತೆ ಇನ್ಮೇಲೆ ನನ್ನ ಚಿಂತೆ. ನೀನು ನೆಮ್ಮದಿಯಾಗಿ ಮಗು ನೋಡ್ಕೋ. ಸಭೇಲಿ ನಾನಿರ್ತೀನಲ್ಲ."

ಮರುದಿನವೇ ದೆಲಿಸ್ ದಂಡೆಗೆ ಹೋದಳು. ಮಾನಾಂಗ್ ಪಾಸಿಂಗ್ ದೋಣಿಯ ಅಂಚಿಗೆ ಒರಗಿ ಬಲೆ ಬಿಡಿಸುತ್ತಿದ್ದಳು. ಸುತ್ತ ಆರೆಂಟು ಹೆಂಗಸರು. ಸಭೆಯ ದಿನಕ್ಕೆಂದು ರಟ್ಟಿನ ಮೇಲೆ ಬಣ್ಣದಲ್ಲಿ ಬರೆದ ಫಲಕಗಳು ಬಿಸಿಲಿಗೆ ಒಣಗುತ್ತಿದ್ದವು.

"ಮಾನಾಂಗ್, ಸಭೆ ದಿನ ಬರೋದು ಬೇಡ."

"ಯಾಕೆ?"

"ದೊನ್ ಮಾತು ಕೊಟ್ಟಿದ್ದಾರೆ. ಈಗ ಅವರು ನನ್ನ ಪಾರೆ. ಮಾತು ಕೊಟ್ಟ ಮೇಲೂ ಅವರ ಸಭೆ ಬಾಗಿಲಲ್ಲಿ ಜನ ಕೂರಿಸಿದ್ರೆ, ಅವರ ಮುಖಕ್ಕೆ ಮಸಿ ಬಳಿದ ಹಾಗಾಗುತ್ತೆ. ನಾನೇ ಕರೆಸಿದೆ ಅಂತ ತಿಳ್ಕೊಳ್ತಾರೆ."

ಬೇರೆ ಎಲ್ಲಿಯವರಾದರೂ ಈ ಮಾತು ಕೇಳಿ, ಬರಲಿ ಬಿಡಮ್ಮ, ಮಾತಿಗೆ ಮಾತೂ ಇರಲಿ, ಜನಕ್ಕೆ ಜನವೂ ಇರಲಿ ಎನ್ನುತ್ತಿದ್ದರು. ಅಲ್ಲಿನ ಹೆಂಗಸರು ಹಾಗೆನ್ನಲಿಲ್ಲ. ಪಾರೆಯನ್ನು ನಾಲ್ಕು ಜನರೆದುರು ನಾಚಿಸುವುದು ಎಂಥ ಪಾಪವೆಂದು ಅವರಿಗೂ ಗೊತ್ತಿತ್ತು. ಪಾಸಿಂಗ್ ಕೈಯಲ್ಲಿದ್ದ ಬಲೆಯ ಗಂಟನ್ನು ಬಿಡಿಸಿ ಮುಗಿಸಿದಳು.

"ಹಾಗಾದ್ರೆ ಸರಿ. ಧರ್ಮಪಿತನ ಮಾತು ಅಂದ್ರೆ ಮಾತೇ." ಆಮೇಲೆ ಉಳಿದವರ ಕಡೆ ತಿರುಗಿ, "ಏ, ಆ ರಟ್ಟೆಲ್ಲ ಮಡಚಿ ಇಡ್ರೇ. ಮಳೆಗಾಲಕ್ಕೆ ಮಾಡಿಗೆ ಸಿಕ್ಕಿಸೋಕಾಗುತ್ತೆ," ಎಂದಳು. ಹೆಂಗಸರು ನಕ್ಕರು. ದೆಲಿಸ್ ಕೂಡ ನಕ್ಕಳು.

ಸಭೆಯ ದಿನ ದೆಲಿಸ್ ಬರೆದಿದ್ದ ಪರಿಚಯಗಳನ್ನು ಪನೇಸಾ ಓದಿದರು. ಒಬ್ಬೊಬ್ಬರ ಹಿನ್ನೆಲೆಗೂ ಚಪ್ಪಾಳೆ. ಕರ್ನಲ್ ತಮ್ಮ ಕಡಲಿನ ಅನುಭವ ಕೇಳಿ ತಾವೇ ಬೆರಗಾದಂತೆ ಕಂಡರು. ಮುಖ ಬಿಳಿ ಮಾಡುವ ಡಾಕ್ಟರು, ಪಚ್ಚಿಲೆಯಲ್ಲಿ ಚರ್ಮಕ್ಕೆ ಒಳ್ಳೆಯದಾದ ಸತ್ವವಿದೆಯಂತೆ, ಅದರ ಮೇಲೆ ಸಂಶೋಧನೆ ಯಾಕಾಗಬಾರದು ಎಂದು ಸಲಹೆ ಕೊಟ್ಟರು. ರೇಡಿಯೋದವರು ಕಷಾಯದ ಮಾತು ತೆಗೆಯುವ ಮೊದಲೇ ದೊನ್ ಗಂಟಲು ಸರಿ ಮಾಡಿಕೊಂಡರು.

"ಮೂರನೇ ವಿಷಯ, ಕೆಳಗಿನ ಪ್ರಯೋಗಾಲಯ," ಎಂದರು. ದೆಲಿಸ್ ಕುರ್ಚಿಯ ಅಂಚಿಗೆ ಬಂದಳು. "ಇದರ ಬಗ್ಗೆ ನಾನು ವೈಯಕ್ತಿಕವಾಗಿ ತಲೆ ಕೆಡಿಸ್ಕೊಂಡಿದ್ದೀನಿ. ಯಾಕಂದ್ರೆ ಅಲ್ಲಿ ಕೆಲಸ ಮಾಡೋ ಡಾಕ್ಟೋರಾ ಹೋದ ವಾರದಿಂದ ನನ್ನ ಮಾರೆ. ಅವಳ ಮಗಳು ನನ್ನ ಮಗಳು."

ಎಲ್ಲರೂ ಅವಳತ್ತ ತಿರುಗಿ ಮೆಚ್ಚುಗೆಯಿಂದ ನೋಡಿದರು.

"ಹಾಗಾಗಿ ಜಾಗ ಬಿಟ್ಟುಕೊಟ್ಟ ಮೇಲೆ ಅವಳು ಎಲ್ಲಿಗೆ ಹೋಗ್ಬೇಕು ಅನ್ನೋ ಪ್ರಶ್ನೇನೇ ಇಲ್ಲ. ನನ್ನ ಹೊಸ ರೆಸಾರ್ಟಿನ ಅಡುಗೆಮನೆಗಳಿಗೆಲ್ಲ ಅವಳೇ ಮುಖ್ಯಸ್ಥೆ. ಆಹಾರ ಸುರಕ್ಷತೆ ಅಂತ ಒಂದು ಹುದ್ದೇನೇ ಹೊಸದಾಗಿ ಮಾಡಿಸಿದ್ದೀನಿ. ಏಸಿ ಕೋಣೆ, ಮಗು ನೋಡ್ಕೊಳ್ಳೋಕೆ ಅಲ್ಲೇ ಆಯಾ. ಅವಳ ಇಬ್ಬರು ಸಹಾಯಕರಿಗೂ ಮಾಲ್‌ನಲ್ಲಿ ಜಾಗ. ನನ್ನವರು ಅಂದ್ಮೇಲೆ ನಡು ಬೀದೀಲಿ ಬಿಡ್ತೀನಾ?"

ಚಪ್ಪಾಳೆ ಈ ಸಲ ನಿಜವಾದ ಚಪ್ಪಾಳೆ. ಪನೇಸಾ ಅಂತೂ ಎದ್ದೇ ನಿಂತರು. ಕರ್ನಲ್ ಪಕ್ಕದವರಿಗೆ, "ಇದಪ್ಪ ದೊಡ್ಡತನ ಅಂದ್ರೆ," ಎಂದು ಕೇಳಿಸುವಂತೆಯೇ ಪಿಸುಗುಟ್ಟಿದರು.

"ಮಾರೆ, ಎರಡು ಮಾತು ಆಡು," ಎಂದರು ದೊನ್, ಮುಖದ ತುಂಬ ಪ್ರೀತಿ ತುಂಬಿಕೊಂಡು.

ದೆಲಿಸ್ ಎದ್ದು ನಿಂತಳು. ಕೋಪಕ್ಕೆ ಮೈಯೆಲ್ಲ ಬಿಸಿಯಾಗಿತ್ತು. ಇಲ್ಲ ಎನ್ನಬೇಕು, ನಾನು ಕೇಳಿದ್ದು ಇದನ್ನಲ್ಲ ಎನ್ನಬೇಕು, ಕೂಗಬೇಕು. ಆದರೆ ತನ್ನ ಕೂಸನ್ನು ಎತ್ತಿ ಸಮಾಧಾನ ಮಾಡಿದ ಮನುಷ್ಯನನ್ನು ಇಷ್ಟು ಜನರ ನಡುವೆ ಕೆಡವುವುದು ಹೇಗೆ? ಹೆಂಗಸರು ಬಾಗಿಲಲ್ಲಿದ್ದಿದ್ದರೆ ಅವರು ಕೂಗುತ್ತಿದ್ದರು. ಬಾಗಿಲ ಹೊರಗೆ ಕಾರು ಚಾಲಕರನ್ನು ಬಿಟ್ಟರೆ ಒಂದು ನರಪಿಳ್ಳೆಯೂ ಇರಲಿಲ್ಲ. ಬರಬೇಡಿ ಎಂದವಳು ಅವಳೇ.

"ತುಂಬಾ ಉಪಕಾರವಾಯ್ತು," ಎಂದಳು ದೆಲಿಸ್. ಹೇಳಿ ಕುಳಿತುಬಿಟ್ಟಳು.

ಊಟಕ್ಕೆ ಎಲ್ಲರೂ ಹೊರಗೆ ಹೋದ ಮೇಲೆ ಅವಳು ದೊನ್‌ರನ್ನು ಕಿಟಕಿಯ ಬಳಿ ತಡೆದಳು. ಅಲ್ಲಿ ಜನರಿರಲಿಲ್ಲ, ಅಷ್ಟು ಧೈರ್ಯ ಬಂದಿತ್ತು.

"ಪಾರೆ, ನಾನು ಕೇಳಿದ್ದು ಕೆಲಸ ಅಲ್ಲ. ಪ್ರಯೋಗಾಲಯ ಉಳಿಸಿ ಅಂತ ಕೇಳಿದೆ."

ದೊನ್ ಅವಳನ್ನು ಅರ್ಥವಾಗದವರಂತೆ ನೋಡಿದರು. ನಾಟಕವಾಡುತ್ತಿರಲಿಲ್ಲ, ಅವರಿಗೆ ನಿಜಕ್ಕೂ ಅರ್ಥವಾಗಿರಲಿಲ್ಲ.

"ಕೇಳಿದ್ದು ಗೊತ್ತು ಮಾರೆ. ಆದ್ರೆ ಪ್ರಯೋಗಾಲಯ ನಂಗೆ ಏನಾಗ್ಬೇಕು? ಅದಕ್ಕೆ ನಾನು ಬತ್ತಿ ಹಿಡಿದಿದ್ದೀನಾ? ನಾನು ಬತ್ತಿ ಹಿಡಿದದ್ದು ನಿನ್ನ ಮಗೂಗೆ. ನನ್ನ ಕೈಲಿ ಆಗೋದು ಅಷ್ಟೇ. ನನ್ನ ಜನಕ್ಕೆ ಮಾಡ್ತೀನಿ, ಹೊಟ್ಟೆ ತುಂಬ ಮಾಡ್ತೀನಿ."

"ದಂಡೆ ಜನ?"

"ಅವರಿಗೆ ಅವರ ಧರ್ಮಪಿತರು ಇರ್ತಾರಲ್ಲ," ಎಂದರು ದೊನ್ ಮೃದುವಾಗಿ. "ಬಾ, ಊಟ ಮಾಡು. ಮೊಲೆ ಕುಡಿಸೋ ತಾಯಿ ಹಸ್ಕೊಂಡಿರ್ಬಾರ್ದು."

ಆಮೇಲೆ ಎಲ್ಲ ಬೇಗ ಬೇಗ ಆಯಿತು. ಕೆಳಮಹಡಿಯ ಕಪಾಟುಗಳನ್ನು ಲಾರಿಗೆ ತುಂಬಿದರು. ಇಲಿಗಳನ್ನು ರೆಸಾರ್ಟಿನ ಪುಟ್ಟ ಮೃಗಾಲಯಕ್ಕೆಂದು ಆಗಲೇ ತರಿಸಿಟ್ಟಿದ್ದ ಹಾವುಗಳಿಗೆ ಒಯ್ದರು. ಮನೆಯಲ್ಲಿ ಚೊಲಿಂಗ್ ಸಿಕ್ಕಸಿಕ್ಕವರಿಗೆಲ್ಲ ಮಗಳ ಹೊಸ ಹುದ್ದೆಯ ಸುದ್ದಿ ಹಂಚಿದಳು. ಗಂಡ ಸಿಗ್ನಲ್ ಸಿಕ್ಕಾಗ ಫೋನ್ ಮಾಡಿ, "ನಾನು ಹೇಳ್ಲಿಲ್ವಾ, ದೊಡ್ಡೋರ ಕೈ ಹಿಡಿದ್ರೆ ಹೀಗೇ," ಎಂದ. ಅವನೇನೂ ಹೇಳಿರಲಿಲ್ಲ. ದೆಲಿಸ್ ಯಾರಿಗೂ ಎದುರಾಡಲಿಲ್ಲ. ಯಾರ ಮೇಲೆ ಸಿಟ್ಟಾಗಬೇಕು? ಸಿಟ್ಟಾಗಲು ಒಬ್ಬ ಕೆಟ್ಟವನಾದರೂ ಸಿಗಬೇಕಲ್ಲ. ಕನ್ನಡಿಯ ಮುಂದೆ ನಿಂತಾಗ ಮಾತ್ರ ಒಬ್ಬಳು ಸಿಗುತ್ತಿದ್ದಳು.

ರೆಸಾರ್ಟಿನ ಕೆಲಸಕ್ಕೆ ಸೇರಲು ಇನ್ನೂ ಒಂದು ತಿಂಗಳಿರುವಾಗ ಕೊಲ್ಲಿಯ ಬಾಯಿಯ ಕಡೆ ನೀರು ಕೆಂಪೇರಿತು. ಪೊಲೀಸರು ಬಂದು ಬೋರ್ಡು ನೆಟ್ಟರು. ವಾರ ಕಳೆಯಿತು, ಇನ್ನೊಂದು ವಾರ ಕಳೆಯಿತು, ಕೆಂಪು ಇಳಿಯಿತು. ರಾಜಧಾನಿಗೆ ಹೋದ ಮಾದರಿಯ ಉತ್ತರ ಮಾತ್ರ ಬರಲಿಲ್ಲ. ದಂಡೆಯ ಮನೆಗಳಲ್ಲಿ ಬರೀ ಅನ್ನ, ಉಪ್ಪು. ಆಮೇಲೆ ಅನ್ನದ ಗಂಜಿ.

ಒಂದು ಮಧ್ಯಾಹ್ನ ದೆಲಿಸ್ ತನ್ನ ಕೊನೆಯ ಸಾಮಾನು ಕಟ್ಟುತ್ತಿದ್ದಾಗ ಮಾನಾಂಗ್ ಪಾಸಿಂಗ್ ಬಂದಳು. ಕೈಯಲ್ಲಿ ಬಕೆಟ್. ಬರಿದಾದ ಕೋಣೆಯ ನಾಲ್ಕು ಮೂಲೆಗಳನ್ನೂ ನೋಡಿದಳು. ಸಭೆಯ ವಿಷಯ ಎತ್ತಲಿಲ್ಲ, ಧರ್ಮಪಿತನ ಮಾತೂ ಎತ್ತಲಿಲ್ಲ. ದೆಲಿಸ್ ಬೈಗುಳಕ್ಕೆ ಎದೆ ಗಟ್ಟಿ ಮಾಡಿಕೊಂಡು ನಿಂತಿದ್ದಳು. ಬೈದಿದ್ದರೆ ಹಗುರವಾಗುತ್ತಿತ್ತೇನೋ.

"ತಿನ್ಬಹುದಾ ಡಾಕ್ಟೋರಾ?" ಎಂದಷ್ಟೇ ಕೇಳಿದಳು ಪಾಸಿಂಗ್.

"ಗೊತ್ತಿಲ್ಲ ಮಾನಾಂಗ್."

"ಗೊತ್ತಿಲ್ಲ ಅಂದ್ರೆ?"

"ನೋಡೋಕೆ ಇಲ್ಲಿ ಏನೂ ಉಳಿದಿಲ್ಲ. ತಿನ್ಬೇಡಿ. ಯಾರೂ ಮುಟ್ಬೇಡಿ."

"ಎಲ್ಲೀತನಕ?"

ದೆಲಿಸ್ ಸಾಮಾನಿಗೆ ಸುತ್ತುತ್ತಿದ್ದ ಹಗ್ಗವನ್ನು ಕೆಳಗಿಟ್ಟಳು.

"ನೋಡು," ಎಂದಳು ಪಾಸಿಂಗ್, ಸಿಟ್ಟಿಲ್ಲದೆ, ದಣಿದ ದನಿಯಲ್ಲಿ. "ನೀನು ಬೇಡ ಅಂದಾಗೆಲ್ಲ ನಾವು ಕೇಳಿದೀವಿ. ಹೊಟ್ಟೆಗೆ ಬಟ್ಟೆ ಕಟ್ಕೊಂಡು ಕೇಳಿದೀವಿ. ಯಾಕೆ ಹೇಳು? ಆಮೇಲೆ ತಿನ್ನಿ ಅಂತ ಹೇಳೋಳೂ ನೀನೇ ಆಗಿದ್ದೆ. ಈಗ ಬೇಡ ಅನ್ನೋರು ಮಾತ್ರ ಇದಾರೆ."

"ಈ ಬಕೆಟ್ ನಂಗೆ ಕೊಟ್ಬಿಡಿ. ಅಕ್ಕಿ ಕೊಡ್ತೀನಿ."

"ಇದನ್ನ ತಗೋತೀಯ. ಕಡಲಲ್ಲಿರೋದನ್ನ?" ಪಾಸಿಂಗ್ ಬಕೆಟ್ಟಿನ ಹಿಡಿಕೆ ಹಿಡಿದಳು. "ಮೊಮ್ಮಕ್ಕಳು ನಿನ್ನೆಯಿಂದ ಅಳೋದನ್ನೂ ಬಿಟ್ಟಿದ್ದಾವೆ. ಸೊಸೆ ನೀರು ಕಾಯಿಸಿಟ್ಟಿದಾಳೆ. ನಾನು ಹೋಗ್ತೀನಿ."

ಅವಳನ್ನು ತಡೆದು ನಿಲ್ಲಿಸಬೇಕೆಂದು ದೆಲಿಸ್ ಬಾಗಿಲವರೆಗೆ ಓಡಿದಳು. ತಡೆದು ಹೇಳುವುದೇನು? ಅಷ್ಟು ಓದು, ಅಷ್ಟು ವರ್ಷಗಳ ಕೆಲಸ ಎಲ್ಲ ಸೇರಿ ಈಗ ಕೊಡಲು ಒಂದೇ ಒಂದು ಸಲಹೆ ಉಳಿದಿತ್ತು. ಅದನ್ನು ಹೇಳಲು ಅವಳಿಗೆ ನಾಚಿಕೆಯಾಯಿತು, ಆದರೂ ಹೇಳಿದಳು.

"ಮಾನಾಂಗ್, ಮಕ್ಕಳಿಗೆ ಮೊದಲು ಕೊಡ್ಬೇಡಿ. ಒಬ್ಬರು ದೊಡ್ಡೋರು ಸ್ವಲ್ಪ ತಿಂದು ನೋಡಿ. ತುಟಿ ಜುಮ್ ಅಂದ್ರೆ ಉಳಿದೋರು ಮುಟ್ಬೇಡಿ, ಕೂಡ್ಲೇ ಆಸ್ಪತ್ರೆಗೆ ಹೋಗಿ."

ಪಾಸಿಂಗ್ ತಿರುಗಿ ನೋಡಿದಳು. ಅವಳ ಮುಖದಲ್ಲಿ ಆಶ್ಚರ್ಯವೇನೂ ಇರಲಿಲ್ಲ.

"ಅಷ್ಟು ಗೊತ್ತಾಗಲ್ವಾ ಇಂದೈ? ನಾನೇ ತಿಂತೀನಿ. ಎಷ್ಟು ಹೊತ್ತು ಕಾಯ್ಬೇಕು ಅದನ್ನ ಹೇಳು."

"ಕತ್ತಲಾಗೋವರೆಗೆ ಕಾಯಿರಿ," ಎಂದಳು ದೆಲಿಸ್.

ಪಾಸಿಂಗ್ ತಲೆಯಾಡಿಸಿ, ಬಕೆಟ್ಟನ್ನು ಆ ಕೈಯಿಂದ ಈ ಕೈಗೆ ಬದಲಿಸಿಕೊಂಡು ದಂಡೆಯ ದಾರಿ ಹಿಡಿದಳು.